ಅಣ್ಣನ ಫೈಲು

ಹಸುಗೂಸಿಗೆ ಎರೆಯುವುದನ್ನು ನೋಡುತ್ತ ಕೂರುವುದೆಂದರೆ ನನಗೆ ಈಗಲೂ ಒಂದು ಖುಷಿ. ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕುಳಿತ ಅಜ್ಜಿ, ಅವಳ ಕಾಲ ಮೇಲೆ ಬೋರಲು ಬಿದ್ದ ಕೂಸು, ಹಂಡೆಯಿಂದ ಏಳುವ ಹಬೆ, ಕಡಲೆಹಿಟ್ಟಿನ ವಾಸನೆ, ಆಮೇಲೆ ಲೋಬಾನದ ಹೊಗೆ. ಈಗಿನ ಹುಡುಗಿಯರು ಇದನ್ನೆಲ್ಲ ಒಪ್ಪುವುದಿಲ್ಲ. ಡಾಕ್ಟರೂ ಅಷ್ಟೇ, ಮೂಗಿಗೆ ಎಣ್ಣೆ ಬಿಡಬೇಡಿ, ಹೊಗೆ ಹಾಕಬೇಡಿ ಅನ್ನುತ್ತಾರೆ. ಸರಿಯೇ. ಆದರೆ ಎರೆಯುವ ಅಜ್ಜಿಯ ಕೈಗೆ ಸಿಕ್ಕಿದ್ದು ಕೆಲವು ಸಲ ಬೇರೆ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

2024ರ ಬೇಸಿಗೆಯಲ್ಲಿ ಆದದ್ದು ಹಾಗೇ. ನನ್ನ ಅಣ್ಣನ ಮಗ ನ್ಯಾಮತಿಯಲ್ಲಿದ್ದಾನೆ. ನ್ಯಾಮತಿ ತಾಲ್ಲೂಕಾದ ಮೇಲೆ ಅರ್ಜಿ, ಪಹಣಿ, ಆಧಾರ್ ಎಂದು ಜನ ಓಡಾಡುವುದು ಹೆಚ್ಚಾಗಿ, ಅವನದೊಂದು ಝೆರಾಕ್ಸ್ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ಅವನ ಹೆಂಡತಿ ತವರಿನಲ್ಲಿ ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಬಂದಿದ್ದಳು. ನಾನಿರುವುದು ಹೊನ್ನಾಳಿಯಲ್ಲಿ. ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಹೇಳಿಕೊಡುತ್ತೇನೆ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ನ್ಯಾಮತಿ. ಮೊಮ್ಮಗ ಬಂದಿದ್ದಾನೆ ಅಂದಮೇಲೆ ಕೇಳಬೇಕೆ? ಭಾನುವಾರ ಬೆಳಿಗ್ಗೆಯೇ ಹೋಗಿ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದೆ.

ಎರೆಯಲು ಬರುತ್ತಿದ್ದದ್ದು ಅದೇ ಓಣಿಯ ಒಬ್ಬ ಅಜ್ಜಿ. ಕೂಸನ್ನು ಅಂಗಾತ ಮಾಡಿ ನೀರು ಹಾಕುತ್ತಿದ್ದವಳು ಕೈ ನಿಲ್ಲಿಸಿ ಅತ್ತಿಗೆಯನ್ನು ಕರೆದಳು. “ಏನವ್ವಾ, ನಿನ್ ಮೊಮ್ಮಗಂಗೆ ಕೆಳಗೆ ಒಂದೇ ಐತಲ್ಲ! ಇನ್ನೊಂದ್ ಎಲ್ಲೋಯ್ತು? ನಾನೂ ನಾಕ್ ದಿನದಿಂದ ನೋಡ್ತಾ ಇದೀನಿ. ಬಿಸಿನೀರು ಹುಯ್ದ್ರೂ ಇಳೀತಿಲ್ಲ.”

ಅತ್ತಿಗೆ ನಕ್ಕು, “ಬೆಳೀತಾ ಬೆಳೀತಾ ಬರ್ತದೆ ಬಿಡಜ್ಜಿ. ಗಂಡುಹುಡುಗರಿಗೆ ಅದೆಲ್ಲ ಇದ್ದಿದ್ದೇ” ಅಂದರು.

ನನಗೆ ಮಾತ್ರ ನಗು ಬರಲಿಲ್ಲ. ಈ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಣ್ಣ ಹಾಸಿಗೆ ಹಿಡಿದಿದ್ದಾಗ, ಅವ್ವ ಯಾರಿಗೋ ಹೇಳುತ್ತಿದ್ದಳು: “ಇವನಿಗೆ ಹುಟ್ಟಿದಾಗ ಒಂದು ಮೇಲೇ ಇತ್ತು. ದೊಡ್ಡೋನಾಗ್ತಾ ತಾನೇ ಇಳೀತು.”

ಮರುವಾರ ದಾವಣಗೆರೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಹುಡುಗ, ಸೊಸೆ, ಅತ್ತಿಗೆ, ನಾನು, ಮಡಿಲಲ್ಲಿ ಕೂಸು. ಡಾಕ್ಟರು ಕೈಯನ್ನು ಬೆಚ್ಚಗೆ ಮಾಡಿಕೊಂಡು ಕೂಸಿನ ತೊಡೆಸಂದಿಯಿಂದ ಕೆಳಗೆ ಮೆಲ್ಲಗೆ ಒತ್ತಿ ನೋಡಿದರು. ಒಂದು ಬೀಜ ಚೀಲದಲ್ಲಿದೆ, ಇನ್ನೊಂದು ತೊಡೆಸಂದಿಯಲ್ಲೇ ನಿಂತಿದೆ ಅಂದರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು: “ಮನೆಯಲ್ಲಿ ಯಾರಿಗಾದ್ರೂ ಹೀಗಿತ್ತಾ? ಬೀಜದ ಕ್ಯಾನ್ಸರು ಅಂತೇನಾದ್ರೂ ಯಾರಿಗಾದ್ರೂ ಆಗಿತ್ತಾ?”

“ಇಲ್ಲ ಸಾರ್, ನಮ್ಮನೇಲಿ ಯಾರಿಗೂ ಏನೂ ಇಲ್ಲ” ಅಂದರು ಅತ್ತಿಗೆ. ಹುಡುಗನೂ ಅದನ್ನೇ ಹೇಳಿದ. ಪಾಪ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಡಾಕ್ಟರು ಬರೆದುಕೊಂಡರು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತ ಕೂತೆ. ಪೋಲಿಯೋ, ದಡಾರ, ನಾಯಿಕೆಮ್ಮು. ಐವತ್ತಾರು ವರ್ಷದ ಹೆಂಗಸು, ಬಿ.ಎ., ಬಿ.ಎಡ್., ಮೂವತ್ತು ವರ್ಷ ಪಾಠ ಹೇಳಿದವಳು, ಬಾಯಿ ಬಿಡಲಿಲ್ಲ.

ಈಗ ಅಣ್ಣನ ಸಂಗತಿ ಹೇಳಬೇಕು.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಚನ್ನಗಿರಿಯಲ್ಲಿ ನಮ್ಮದು ಎರಡೆಕರೆ ಅಡಿಕೆ ತೋಟ. ಅಪ್ಪ ಬೇಗ ಹೋದದ್ದರಿಂದ ನನ್ನನ್ನು ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಹಾಕಿ ಓದಿಸಿದವನು ಅವನೇ. 1993ರಲ್ಲಿ ನನಗೆ ಜಗಳೂರಿನಲ್ಲಿ ನೌಕರಿ ಸಿಕ್ಕಿತು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆ, ಚನ್ನಗಿರಿ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ತವರೂ ನೌಕರಿಯ ಊರೂ ಒಂದೇ ಜಿಲ್ಲೆಗೆ ಬಂದವು. ಅಷ್ಟು ಹೊತ್ತಿಗೆ ಅಣ್ಣ ಇರಲಿಲ್ಲ. ಜಗಳೂರಿನ ಬಿಸಿಲು, ನೀರಿನ ಪರದಾಟ ನೋಡಿ ನಾನು ಅಳುಮುಖ ಮಾಡಿದಾಗ, ಅವನು ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಒಂದು ಚೀಲ ಅಕ್ಕಿ, ತೆಂಗಿನಕಾಯಿ, ಅವ್ವನ ಚಟ್ನಿಪುಡಿ ಇಳಿಸಿ ಹೋಗುತ್ತಿದ್ದ.

1995ರಲ್ಲಿ ಅವನಿಗೆ ಮಗ ಹುಟ್ಟಿದ. ಅದೇ ವರ್ಷ ಯಾವಾಗಲೋ ಅವನಿಗೆ ಗಂಟು ಕಾಣಿಸಿಕೊಂಡಿದೆ. ನೋವಿಲ್ಲ. ನೋವಿದ್ದಿದ್ದರೆ ಹೇಳುತ್ತಿದ್ದನೋ ಏನೋ. ತೋಟಕ್ಕೆ ಹೋಗುವಾಗ ಸೈಕಲ್ಲಿನಿಂದ ಬಿದ್ದ ಪೆಟ್ಟು ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಪೆಟ್ಟಿನಿಂದ ಈ ಕಾಯಿಲೆ ಬರುವುದಿಲ್ಲವಂತೆ; ಪೆಟ್ಟಾದಾಗ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಆಗ ಮೊದಲೇ ಇದ್ದ ಗಂಟು ಕೈಗೆ ಸಿಗುತ್ತದೆ, ಅಷ್ಟೇ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಣ್ಣ ಲಂಗೋಟಿ ಬಿಗಿಯಾಗಿ ಕಟ್ಟಿಕೊಂಡು ಓಡಾಡಿದ. ಯಾರೋ ಹೇಳಿದರೆಂದು ಲೇಪ ಹಚ್ಚಿಸಿಕೊಂಡ. ಮತ್ತೊಬ್ಬರು ಅಂಡವಾಯು ಅಂದರು. ಕೊನೆಗೆ ಒಬ್ಬ ಡಾಕ್ಟರು, ಎಲ್ಲಿಯವರು ಎಂಬುದು ಈಗ ಬೇಡ, ನೀರು ತುಂಬಿದೆ ಎಂದು ಸೂಜಿ ಚುಚ್ಚಿ ತೆಗೆಯಲು ನೋಡಿದರು. ನೀರು ಬರಲಿಲ್ಲ. ಅತ್ತಿಗೆಗೆ ಮಾತ್ರ ಎಲ್ಲ ಗೊತ್ತಿತ್ತು. ಗಂಡನ ಮೈ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಇಪ್ಪತ್ತೆರಡರ ಹೆಣ್ಣು, ಮಡಿಲಲ್ಲಿ ಎಳೆಕೂಸು. ಅತ್ತೆಯ ಹತ್ತಿರ ಇಂಥ ಮಾತು ಎತ್ತುವುದಾದರೂ ಹೇಗೆ?

ಸೊಂಟನೋವು, ಊಟ ಸೇರದಿರುವುದು ಶುರುವಾದ ಮೇಲೆ 1996ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಜೆ ಹಾಕಿ ನಾನೂ ಹೋದೆ. ಕಾಗದಪತ್ರ ಓದಲು ಬರುವವಳು ಮನೆಯಲ್ಲಿ ನಾನೊಬ್ಬಳೇ. ಬೀಜ ತೆಗೆದರು. ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡಗಳ ಹತ್ತಿರ ಗಡ್ಡೆಗಳಾಗಿದ್ದವು. ಐದು ದಿನ ಒಂದೇ ಸಮ ಡ್ರಿಪ್ಪು, ಮೂರು ವಾರಕ್ಕೊಂದು ಸುತ್ತು, ಅಂಥ ನಾಲ್ಕು ಸುತ್ತು ಎಂದರು. ಎರಡು ಸುತ್ತಾಯಿತು. ಆ ವಾಂತಿಯನ್ನು ನಾನು ಮರೆಯಲಾರೆ. ತಲೆಯ ಕೂದಲು ದಿಂಬಿನ ಮೇಲೇ ಉಳಿಯಿತು. ಆದರೆ ಹೊಟ್ಟೆಯ ಗಡ್ಡೆ ಕರಗಿತು, ಅಣ್ಣ ಊಟ ಮಾಡಿದ, ಮಗನನ್ನು ಎತ್ತಿಕೊಂಡ.

ಮನೆಗೆ ಕಳಿಸುವಾಗ ಕಾರ್ಡಿನ ಮೇಲೆ ಮೂರನೇ ಸುತ್ತಿನ ತಾರೀಖು ಬರೆದಿದ್ದರು. ಇಂಗ್ಲಿಷಿನಲ್ಲಿತ್ತು. ಓದಿದವಳು ನಾನೇ. ತೋಟಕ್ಕೆ ನೀರು ಬಿಡುವ ಕಾಲ, ಕರೆಂಟು ರಾತ್ರಿ ಬರುತ್ತಿತ್ತು. ಅಣ್ಣ, “ಗಡ್ಡೆ ಹೋಯ್ತಲ್ಲೇ, ಇನ್ಯಾಕೆ ಆ ನರಕ? ಈ ತಿಂಗಳು ಕಳೀಲಿ” ಅಂದ. ನನಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಡ್ಯೂಟಿ ಬಂದಿತ್ತು. ನಾನು ಜಗಳೂರಿನ ಬಸ್ಸು ಹತ್ತಿದೆ. ಒತ್ತಾಯ ಮಾಡಬೇಕೆಂದರೆ ಅವನೆದುರು ಕೂತು ಆ ಕಾಯಿಲೆಯ ಹೆಸರು ಹೇಳಿ, ಇದು ಹೀಗೆ, ಇದು ಇನ್ನೂ ಹೋಗಿಲ್ಲ ಎನ್ನಬೇಕಿತ್ತು. ತಂಗಿಯಾದವಳು ಅಣ್ಣನಿಗೆ ಅದನ್ನು ಹೇಗೆ ಹೇಳುವುದು? ಯಾರಾದರೂ ಗಂಡಸರು ಹೇಳುತ್ತಾರೆ ಅಂದುಕೊಂಡೆ. ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಗಡ್ಡೆ ಮತ್ತೆ ಎದ್ದಿತು, ಕೆಮ್ಮು ಬಂತು. ಆ ದೀಪಾವಳಿಯ ಹೊತ್ತಿಗೆ ಅಣ್ಣ ಹೋದ. ಮೂವತ್ತಮೂರು ವರ್ಷ.

ಕೇಳಿದವರಿಗೆಲ್ಲ “ಹೊಟ್ಟೆಗಡ್ಡೆ” ಎಂದೆವು. ಹಾಗೆ ಹೇಳಲು ಮೊದಲು ಶುರು ಮಾಡಿದವಳು ನಾನೇ. ಅತ್ತಿಗೆ ಮಗನನ್ನು ಕಟ್ಟಿಕೊಂಡು ತವರಾದ ನ್ಯಾಮತಿಗೆ ಹೋಗಿ, ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದರು. ಆಸ್ಪತ್ರೆಯ ಫೈಲು ನನ್ನ ಟ್ರಂಕಿನಲ್ಲಿ ಉಳಿಯಿತು. ನನ್ನ ಮದುವೆಯಾಯಿತು, ಮಗನಾದ, ಜಗಳೂರಿನಿಂದ ಹೊನ್ನಾಳಿಗೆ ವರ್ಗವಾಯಿತು. ಟ್ರಂಕು ಎಲ್ಲ ಕಡೆಗೂ ಬಂತು.

ನಮ್ಮಲ್ಲಿ ಈ ನಾಚಿಕೆ ಎಷ್ಟು ಆಳ ಅನ್ನುವುದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಜಗಳೂರಿನ ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸಂತಾನೋತ್ಪತ್ತಿಯ ಪಾಠ ಬಂದರೆ “ಇದನ್ನ ಮನೇಲಿ ಓದ್ಕೊಳ್ರಿ” ಎಂದು ಪುಟ ತಿರುವುತ್ತಿದ್ದರು. ಅಣ್ಣ ಹೋದ ಮೂರೋ ನಾಲ್ಕೋ ವರ್ಷಕ್ಕೆ ಒಮ್ಮೆ ಅವರು ರಜೆ ಹಾಕಿದಾಗ ಆ ತರಗತಿ ನನ್ನ ಪಾಲಿಗೆ ಬಂತು. ನಾನು ಹಾಗೆ ಮಾಡಬಾರದು ಅಂದುಕೊಂಡು ಕರಿಹಲಗೆಯ ಮೇಲೆ “ವೃಷಣ” ಎಂದು ಬರೆದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಹುಡುಗಿಯರೆಲ್ಲ ತಲೆ ತಗ್ಗಿಸಿದರು. ನಾನು ಡಸ್ಟರ್ ತೆಗೆದುಕೊಂಡು ಅಳಿಸಿ, “ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ” ಅಂದೆ. ನಕ್ಕ ಹುಡುಗನಿಗೆ ಹದಿನೈದು ವರ್ಷವಿರಬಹುದು. ಈ ಕಾಯಿಲೆ ಬರುವುದು ಹೆಚ್ಚಾಗಿ ಹದಿನೈದರಿಂದ ನಲವತ್ತರೊಳಗೆ. ಮುದುಕರ ಕಾಯಿಲೆಯಲ್ಲ ಅದು.

ದಾವಣಗೆರೆಯಿಂದ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೈಲು ತೆಗೆದು ಓದಿದೆ. ಹಾಳೆಗಳು ಹಳದಿಯಾಗಿ ಮಡಿಕೆಯಲ್ಲಿ ಹರಿಯುವಂತಾಗಿದ್ದವು. ಅದರಲ್ಲಿ ಸಿಸ್ಪ್ಲಾಟಿನ್ ಎಂಬ ಔಷಧದ ಹೆಸರು ಮತ್ತೆ ಮತ್ತೆ ಬಂದಿತ್ತು. ಆ ಹೆಸರನ್ನು ನಾನು ಬೇರೆಲ್ಲೋ ಓದಿದ್ದೆ. ನೆನಪಾಯಿತು. ಯುವರಾಜ್ ಸಿಂಗ್!

ನಮ್ಮ ಹುಡುಗ ಹೈಸ್ಕೂಲಿನಲ್ಲಿದ್ದಾಗ ಅವನ ಕೋಣೆಯ ಗೋಡೆಯ ತುಂಬ ಯುವರಾಜ್ ಸಿಂಗ್. 2011ರ ವಿಶ್ವಕಪ್ಪಿನಲ್ಲಿ ಸರಣಿಯ ಶ್ರೇಷ್ಠ ಆಟಗಾರ. ಕೆಮ್ಮಿ ಕೆಮ್ಮಿ ಆಡಿದ್ದನಂತೆ ಮಹಾರಾಯ. ಆಮೇಲೆ ಗೊತ್ತಾದದ್ದು ಎದೆಯಲ್ಲಿ, ಎರಡು ಶ್ವಾಸಕೋಶಗಳ ನಡುವೆ ಗಡ್ಡೆ ಇದೆ ಎಂದು. ಎದೆಯಲ್ಲಿದ್ದರೂ ಅದು ಬೀಜದಲ್ಲಿ ಹುಟ್ಟುವ ಕ್ಯಾನ್ಸರಿನ ಜಾತಿಯದೇ. ಜರ್ಮ್ ಸೆಲ್ ಎನ್ನುತ್ತಾರೆ. 2012ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಚಿಕಿತ್ಸೆ ತೆಗೆದುಕೊಂಡು ಏಪ್ರಿಲಿಗೆ ವಾಪಸು ಬಂದು, ಅದೇ ವರ್ಷ ಮತ್ತೆ ಭಾರತಕ್ಕೆ ಆಡಿದ. ಅವನನ್ನು ನೋಡಿದ ಡಾಕ್ಟರು ಲಾರೆನ್ಸ್ ಐನ್‌ಹಾರ್ನ್. ಬೀಜದ ಕ್ಯಾನ್ಸರು ಮೈಯೆಲ್ಲ ಹರಡಿದ ರೋಗಿಗೆ ಸಿಸ್ಪ್ಲಾಟಿನ್ ಜೊತೆ ಬೇರೆ ಎರಡು ಔಷಧ ಸೇರಿಸಿ ಕೊಟ್ಟು, ಇದನ್ನು ಗುಣ ಮಾಡಬಹುದು ಎಂದು 1974ರಲ್ಲಿ ತೋರಿಸಿದವರು ಅವರೇ. ಅಂದರೆ ಯುವರಾಜನಿಗೆ ಅಮೆರಿಕದಲ್ಲಿ ಕೊಟ್ಟ ಔಷಧವನ್ನೇ ಅದಕ್ಕೆ ಹದಿನಾರು ವರ್ಷ ಮೊದಲು ಬೆಂಗಳೂರಿನಲ್ಲಿ ನಮ್ಮಣ್ಣನ ಕೈಗೂ ಏರಿಸಿದ್ದರು. ಔಷಧವಿತ್ತು. ನಾಲ್ಕು ಸುತ್ತಿನಲ್ಲಿ ಎರಡನ್ನು ನಾವು ಬಿಟ್ಟೆವು. ಅಡಿಗೆಮನೆಯ ದೀಪದ ಕೆಳಗೆ ಆ ಹಾಳೆ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಮರುದಿನ ಸಂಜೆ ಮತ್ತೆ ನ್ಯಾಮತಿ ಬಸ್ಸು. ಮೊದಲು ಅತ್ತಿಗೆಯ ಹತ್ತಿರ ಮಾತಾಡಿದೆ. ಹಿತ್ತಿಲಲ್ಲಿ ಹೂ ಕಟ್ಟುತ್ತ ಕೂತಿದ್ದರು. ವಿಷಯ ಎತ್ತುತ್ತಲೇ ದಾರ ನಿಂತಿತು.

“ಈಗ್ಯಾಕೆ ಅದೆಲ್ಲ? ಅವನ ಮದುವೆ ಮಾಡುವಾಗಲೂ ನೀನು ಎತ್ತಿದ್ದೆ. ಹೇಳಿದ್ರೆ ಹೆಣ್ಣು ಕೊಡ್ತಿದ್ರೇನೇ? ಈಗ ಸೊಸೆ ಮನೆಯೋರಿಗೆ ಗೊತ್ತಾದ್ರೆ ಏನಂದಾರು?”

“ಅತ್ತಿಗೆ, ಡಾಕ್ಟರು ಸುಮ್ನೆ ಕೇಳಲಿಲ್ಲ. ಕೂಸಿನದಷ್ಟೇ ಅಲ್ಲ, ಇವನದೂ ಇದೆ. ಇವನಿಗೀಗ ಇಪ್ಪತ್ತೊಂಬತ್ತು.”

ಅವರು ಮಾತಾಡಲಿಲ್ಲ. ಆಮೇಲೆ ಹೂವನ್ನು ನೋಡುತ್ತಲೇ ಹೇಳಿದರು: “ನಾನು ಅವತ್ತೇ ನಿನ್ನ ಹತ್ರ ಹೇಳಬೇಕಂತಿದ್ದೆ. ನೀನು ಓದಿದೋಳು. ಗೌರಿಹಬ್ಬಕ್ಕೆ ಬಂದಿದ್ಯಲ್ಲ, ಆವಾಗ. ಗಂಟು ಅಷ್ಟು ಇರಲಿಲ್ಲ. ಅಡಿಕೆಯಷ್ಟಿತ್ತು. ನಾಚಿಕೆಯಾತು.”

1995ರ ಗೌರಿಹಬ್ಬ! ನಾನು ಬಂದಿದ್ದೆ. ಇಬ್ಬರೂ ಕೂತು ಬಾಗಿನದ ಮೊರ ಒಟ್ಟಿಗೆ ಜೋಡಿಸಿದ್ದೆವು. ಅವರು ಹೇಳಬೇಕೆಂದಿದ್ದರು. ನಾನು ನನ್ನ ವರ್ಗಾವಣೆಯ ಗೋಳು ಹೇಳಿಕೊಳ್ಳುತ್ತಿದ್ದೆ. ಮೂವತ್ತು ವರ್ಷ ತಪ್ಪು ನನ್ನೊಬ್ಬಳದೇ ಅಂದುಕೊಂಡಿದ್ದೆ. ಇನ್ನೊಬ್ಬಳೂ ಅದನ್ನೇ ಅಂದುಕೊಂಡು ಬದುಕಿದ್ದಳು. ಇಬ್ಬರೂ ಅತ್ತೆವು. ಕೂಸು ಎದ್ದು ಕೂಗಿದ್ದರಿಂದ ಅಳು ಅಲ್ಲಿಗೆ ನಿಂತಿತು.

ಹುಡುಗನಿಗೆ ಹೇಳಿದ್ದು ಅಂಗಡಿಯಲ್ಲಿ, ಶಟರ್ ಅರ್ಧ ಇಳಿಸಿ. ಹೇಗೆ ಶುರು ಮಾಡಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. “ಯುವರಾಜ್ ಸಿಂಗ್‌ಗೆ ಏನಾಗಿತ್ತು ಗೊತ್ತಲ್ಲೇನೋ?” ಎಂದೆ. “ಗೊತ್ತತ್ತೆ, ಎದೇಲಿ ಕ್ಯಾನ್ಸರು” ಅಂದ. “ಅದರದೇ ಜಾತಿಯದು ನಿಮ್ಮಪ್ಪನಿಗೂ ಆಗಿತ್ತು. ಎದೇಲಿ ಅಲ್ಲ. ಬೀಜದಲ್ಲಿ.” ಆ ಶಬ್ದ ನನ್ನ ಬಾಯಿಂದ ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ. ಹುಡುಗ ಬಹಳ ಹೊತ್ತು ಝೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಇಳಿಸಿ ಮಾಡುತ್ತಿದ್ದ. ಆಮೇಲೆ, “ಮತ್ತೆ ಹೊಟ್ಟೆಗಡ್ಡೆ ಅಂತಿದ್ರಿ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ರಾತ್ರಿ ಹತ್ತು ಗಂಟೆಗೆ ಫೋನು. ದನಿ ನಡುಗುತ್ತಿತ್ತು. “ಅತ್ತೆ, ನನಗೂ ಗಂಟಿದೆ. ಎರಡೂ ಕಡೆ.” ನನ್ನ ಎದೆ ಒಡೆದೇಹೋಯಿತು. ಬೆಳಗಾಗುವುದನ್ನೇ ಕಾದು, ಶಾಲೆಗೆ ರಜೆ ಹಾಕಿ, ಅವನನ್ನು ಕರೆದುಕೊಂಡು ದಾವಣಗೆರೆಗೆ ಓಡಿದೆ. ಈ ಸಲ ಬೇರೆ ಡಾಕ್ಟರು, ಮೂತ್ರಾಂಗದ ತಜ್ಞರು. ನಾನು ಹೊರಗೆ ಕೂತಿದ್ದೆ. ಕಾಲು ಗಂಟೆಗೆ ಒಳಗೆ ಕರೆದರು. ಹುಡುಗನ ಕಿವಿ ಕೆಂಪಾಗಿತ್ತು, ಡಾಕ್ಟರು ನಗುತ್ತಿದ್ದರು. ಅವನ ಕೈಗೆ ಸಿಕ್ಕಿದ್ದು ಬೀಜದ ಹಿಂಭಾಗದಲ್ಲಿ ಎಲ್ಲ ಗಂಡಸರಿಗೂ ಇರುವ, ಮೆತ್ತಗೆ ಹುರಿಯಂತಿರುವ ನಾಳವಂತೆ! ಇಪ್ಪತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಮುಟ್ಟಿ ನೋಡಿಕೊಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ ಅಂದರು. ಆದರೂ ಅಪ್ಪನ ಕಥೆ ಕೇಳಿ ಒಂದು ಸ್ಕ್ಯಾನು ಮಾಡಿಸಿದರು. ಏನೂ ಇರಲಿಲ್ಲ.

ನಾನು ಫೈಲನ್ನು ಮೇಜಿನ ಮೇಲಿಟ್ಟೆ. ಅವರು ಓದಿದರು, ನಿಧಾನವಾಗಿ, ಪ್ರತಿ ಹಾಳೆಯನ್ನೂ. ಆಮೇಲೆ ಅವರು ಹೇಳಿದ್ದನ್ನು ಪಾಠದ ಟಿಪ್ಪಣಿಯ ಹಾಗೆ ಲಸಿಕೆ ಕಾರ್ಡಿನ ಹಿಂದೆ ಬರೆದುಕೊಂಡೆ. ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು.

ಅಪ್ಪನಿಗೆ ಈ ಕ್ಯಾನ್ಸರು ಇದ್ದರೆ ಮಗನಿಗೆ ಬರುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು. ಅಣ್ಣನಿಗೋ ತಮ್ಮನಿಗೋ ಇದ್ದರೆ ಎಂಟು ಪಟ್ಟಿನವರೆಗೆ. ಕೇಳಿ ನನ್ನ ಮುಖ ಬಿಳಿಚಿಕೊಂಡಿರಬೇಕು. “ಮೇಡಂ, ಪಟ್ಟು ನೋಡಬೇಡಿ, ಎಷ್ಟರ ಪಟ್ಟು ಅನ್ನೋದು ನೋಡಿ” ಅಂದರು. ನಮ್ಮ ದೇಶದಲ್ಲಿ ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗೂ ಪೂರ್ತಿ ಬರದ ಕಾಯಿಲೆ ಇದು. ಹರೆಯದವರಲ್ಲಿ ಸ್ವಲ್ಪ ಹೆಚ್ಚು. ನಾಲ್ಕು ಪಟ್ಟು ಎಂದರೂ ಲಕ್ಷಕ್ಕೆ ಬೆರಳೆಣಿಕೆ. ಲೆಕ್ಕದಲ್ಲಿ ನಾನು ಯಾವಾಗಲೂ ದಡ್ಡಿ. ಆದರೆ ಈ ಲೆಕ್ಕ ತಿಳಿಯಿತು.

ಇದಕ್ಕೆ ಲಸಿಕೆಯಿಲ್ಲ, ಪಥ್ಯವಿಲ್ಲ. ಊರಿನ ಗಂಡಸರೆಲ್ಲ ಪ್ರತಿ ತಿಂಗಳೂ ಪರೀಕ್ಷೆ ಮಾಡಿಕೊಳ್ಳಿ ಎಂದು ವೈದ್ಯರು ಒತ್ತಾಯಿಸುವುದೂ ಇಲ್ಲವಂತೆ. ಇಲ್ಲದ ಭಯ ಹುಟ್ಟುತ್ತದೆ ಎಂದು. ಆದರೆ ಇವನಂಥವರು ತಮ್ಮದು ಮಾಮೂಲಿಯಾಗಿ ಹೇಗಿರುತ್ತದೆ ಎಂಬುದನ್ನು ತಿಳಿದಿರಬೇಕು. ಬಿಸಿನೀರಿನ ಸ್ನಾನವಾದ ಮೇಲೆ ಚೀಲ ಸಡಿಲಾಗಿರುತ್ತದೆ. ಆಗ ಒಂದೊಂದನ್ನೇ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿದರೆ ಸಾಕು. ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಕೆಳಗೆ ಇರುವುದು ಸಹಜ. ಕಡಲೆಕಾಳಿನಂಥ ಗಟ್ಟಿ ಗಂಟು, ಒಂದು ಕಡೆ ಹೊಸದಾಗಿ ದಪ್ಪವಾಗುವುದು, ಭಾರ ಎನಿಸುವುದು, ಕಿಬ್ಬೊಟ್ಟೆಯಲ್ಲಿ ಹೋಗದ ಮಂದ ನೋವು, ಇಂಥದ್ದು ಕಂಡರೆ ತಿಂಗಳುಗಟ್ಟಲೆ ಕಾಯದೆ ಆ ವಾರವೇ ತೋರಿಸಬೇಕು. ನೋವಿಲ್ಲ ಎಂದು ಸುಮ್ಮನಿರಬಾರದು. ಸ್ಕ್ಯಾನು, ಒಂದೆರಡು ರಕ್ತಪರೀಕ್ಷೆ, ಅಷ್ಟರಲ್ಲಿ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಕ್ಯಾನ್ಸರಿನ ಅನುಮಾನವಿದ್ದಲ್ಲಿ ಸೂಜಿ ಚುಚ್ಚಬಾರದು. ತೆಗೆಯುವುದಾದರೂ ಚೀಲವನ್ನು ಕೊಯ್ಯದೆ ತೊಡೆಸಂದಿಯಿಂದಲೇ ತೆಗೆಯುತ್ತಾರೆ.

ಬೇಗ ಹಿಡಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಉಳಿದ ಒಂದೇ ಬೀಜ ಸಾಮಾನ್ಯವಾಗಿ ಎಲ್ಲಕ್ಕೂ ಸಾಕು. ಗಡ್ಡಮೀಸೆಗೆ, ಸಂಸಾರಕ್ಕೆ, ಮಕ್ಕಳಿಗೆ. ಕೀಮೋ ಕೊಡಬೇಕಾದರೆ ಮುಂಚೆಯೇ ವೀರ್ಯವನ್ನು ತೆಗೆದಿಡುವ ಏರ್ಪಾಡೂ ಈಗ ಇದೆ. “ಗಂಡಸುತನ ಹೋಗುತ್ತೆ ಅನ್ನೋ ಭಯಕ್ಕೇ ಮುಚ್ಚಿಟ್ಟುಕೊಳ್ತಾರೆ ಮೇಡಂ” ಅಂದರು. ನಮ್ಮಣ್ಣನ ಮನಸ್ಸಿನಲ್ಲಿ ಏನಿತ್ತೋ! ಅದನ್ನು ಕೇಳುವವರೂ ಇರಲಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. ಗರ್ಭದಲ್ಲಿರುವಾಗ ಬೀಜಗಳು ಹುಟ್ಟುವುದು ಮಗುವಿನ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಹತ್ತಿರ. ಅಲ್ಲಿಂದ ಮೆಲ್ಲಗೆ ಇಳಿದು ಹೆರಿಗೆಯ ಹೊತ್ತಿಗೆ ಚೀಲ ಸೇರುತ್ತವೆ. ಅದಕ್ಕೇ ಕಾಯಿಲೆ ಹರಡುವಾಗಲೂ ಮೊದಲು ಹೋಗುವುದು ಹೊಟ್ಟೆಯ ಹಿಂಭಾಗದ ಅದೇ ಜಾಗಕ್ಕೆ. ಅಂದರೆ ನಾವು ಮೂವತ್ತು ವರ್ಷ ಹೇಳಿದ “ಹೊಟ್ಟೆಗಡ್ಡೆ” ಪೂರ್ತಿ ಸುಳ್ಳೂ ಅಲ್ಲ. ಹುಡುಗ ನನ್ನ ಮುಖ ನೋಡಿದ.

ಕೂಸಿನ ವಿಷಯವೂ ಅಲ್ಲೇ ತಿಳಿಯಾಯಿತು. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಕೂಸುಗಳಲ್ಲಿ ಸುಮಾರು ಮೂರಕ್ಕೆ ಹೀಗೆ ಒಂದು ಬೀಜ ಇಳಿದಿರುವುದಿಲ್ಲ. ಬಹಳಷ್ಟು ಕೂಸುಗಳಿಗೆ ಆರು ತಿಂಗಳೊಳಗೆ ತಾನೇ ಇಳಿಯುತ್ತದೆ. ಆಮೇಲೆ ಇಳಿಯುವುದು ಅಪರೂಪ. ಆರು ತಿಂಗಳಾದ ಮೇಲೆ, ಒಂದೂವರೆ ವರ್ಷದೊಳಗೆ, ಸಣ್ಣ ಆಪರೇಷನ್ ಮಾಡಿ ಇಳಿಸಿ ಕೂರಿಸಬೇಕು. ಮೇಲೆಯೇ ಉಳಿದ ಬೀಜಕ್ಕೆ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚು. ಬೇಗ ಇಳಿಸಿದರೆ ಆ ಅಪಾಯ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಆದರೆ ಇಳಿಸಿದ ಮೇಲೆ ಕೈಗೆ ಸಿಗುವ ಜಾಗದಲ್ಲಿರುವುದರಿಂದ ದೊಡ್ಡವನಾದ ಮೇಲೆ ಅವನೇ ನೋಡಿಕೊಳ್ಳಬಹುದು. ಕೆಲವು ಮಕ್ಕಳಿಗೆ ಚಳಿಗೆ, ಹೆದರಿಕೆಗೆ ಬೀಜ ಮೇಲೆ ಸರಿದು ಬಿಸಿನೀರಿಗೆ ಕೆಳಗೆ ಬರುತ್ತದೆ. ಅದು ತೊಂದರೆಯಲ್ಲ. ನಮ್ಮ ಎರೆಯುವ ಅಜ್ಜಿ “ಬಿಸಿನೀರು ಹುಯ್ದ್ರೂ ಇಳೀತಿಲ್ಲ” ಅಂದಿದ್ದಳಲ್ಲ, ಡಾಕ್ಟರಿಗೆ ಅದನ್ನು ಹೇಳಿದಾಗ, “ಆ ಅಜ್ಜೀನ ನಮ್ಮಲ್ಲಿಗೆ ಕಳಿಸಿ, ಕೆಲಸ ಕೊಡ್ತೀನಿ” ಅಂದರು.

ಗಂಡುಮಕ್ಕಳನ್ನು ಐದಾರು ವರ್ಷದವರೆಗೆ ಮೀಯಿಸುವವರು ನಾವೇ ಅಲ್ಲವೆ, ಅಮ್ಮಂದಿರು, ಅಜ್ಜಿಯರು, ಅತ್ತೆಯರು. ಅವರ ಮೈಯ ಪ್ರತಿ ಮಚ್ಚೆಯೂ ನಮಗೆ ಗೊತ್ತು. ಆಮೇಲೆ ಒಂದು ದಿನ ಬಚ್ಚಲ ಬಾಗಿಲು ಒಳಗಿನಿಂದ ಚಿಲಕವಾಗುತ್ತದೆ. ಅಲ್ಲಿಂದ ಮುಂದಕ್ಕೆ ನಮಗೆ ಅವರ ಕೆಮ್ಮು, ಜ್ವರ ಮಾತ್ರ ಗೊತ್ತು. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಅಪ್ಪ, ಅಣ್ಣ, ತಮ್ಮಂದಿರಷ್ಟು ಸೋದರಮಾವನ ಲೆಕ್ಕ ಹತ್ತಿರದ್ದಲ್ಲ ಎಂದು ಡಾಕ್ಟರು ಹೇಳಿದ್ದರೂ, ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ. “ಅಮ್ಮಾ!” ಎಂದು ಕಿರುಚಿದ. “ಆಫೀಸಿನಲ್ಲಿದ್ದೀನಿ!” ಎಂದ. ಇಟ್ಟುಬಿಟ್ಟ. ರಾತ್ರಿ ತಾನೇ ಮಾಡಿ, “ಆ ಸ್ನಾನ ಆದಮೇಲೆ ಅಂದ್ಯಲ್ಲ, ಇನ್ನೊಂದ್ಸಲ ಹೇಳು” ಅಂದ.

ಸೊಸೆಗೆ ಹೇಳುವ ಹೊಣೆ ಅತ್ತಿಗೆ ನನ್ನ ಮೇಲೆ ಹಾಕಿದ್ದರು. ಬಿ.ಕಾಂ. ಓದಿದ ಹುಡುಗಿ. ಎಲ್ಲ ಕೇಳಿ, “ಮೊದಲೇ ಹೇಳಿದ್ರೆ ನಾನೇನು ಮದುವೆ ಬೇಡ ಅಂತಿದ್ನಾ ಅತ್ತೆ?” ಎಂದಳು. ಅನ್ನುತ್ತಿದ್ದಳೋ ಇಲ್ಲವೋ, ಅವಳ ಮನೆಯವರು ಏನನ್ನುತ್ತಿದ್ದರೋ. ಅತ್ತಿಗೆಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸೊಸೆ ಎರಡು ದಿನ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಮೂರನೇ ದಿನ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದಳು. ಯಾತಕ್ಕೆಂದು ಯಾರೂ ಕೇಳಲಿಲ್ಲ. ಹುಡುಗ ಅದನ್ನು ನೋಡಿ ನಾಚಿ ಹೊರಗೆ ಹೋದ.

ಒಂಬತ್ತನೇ ತಿಂಗಳಿಗೆ ಕೂಸಿಗೆ ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದಾಗ ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಿಸುಕುತ್ತಿದ್ದರು. ಮುಂಚಿನ ದಿನ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದ್ದರು, ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು, “ನಮ್ಮ ಯಜಮಾನ್ರಿಗೆ ಇತ್ತು ಸಾರ್.” ಮರುದಿನವೇ ಮನೆಗೆ ಕಳಿಸಿದರು. ನಾಲ್ಕು ದಿನಕ್ಕೆ ಕೂಸು ಮೊದಲಿನ ಹಾಗೆ ಕಾಲು ಬಡಿಯುತ್ತಿತ್ತು.

ಹೊಲಿಗೆ ಒಣಗಿದೆ ಎಂದು ತೋರಿಸಿಕೊಂಡು ಬಂದ ದಿನ ಹುಡುಗ ನನ್ನ ಹತ್ತಿರ ಫೈಲು ಕೇಳಿದ. ಅಂಗಡಿಗೆ ತೆಗೆದುಕೊಂಡು ಹೋಗಿ ಒಂದೊಂದೇ ಹಾಳೆಯನ್ನು ಹರಿಯದಂತೆ ಬಿಡಿಸಿ, ಗಾಜಿನ ಮೇಲೆ ಅಂಗೈಯಿಂದ ನೀವಿ, ಮೂರು ಮೂರು ಪ್ರತಿ ತೆಗೆದ. ಒಂದು ತನಗೆ, ಒಂದು ಕೂಸಿನ ಲಸಿಕೆ ಕಾರ್ಡಿನ ಜೊತೆಗೆ, ಒಂದು ನನಗೆ. ಮೂಲ ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟ. ಅತ್ತಿಗೆಗೆ ಇಂಗ್ಲಿಷ್ ಬಾರದು. ಮೊದಲ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, “ಹೆಸರು ಎಲ್ಲಿ ಬರ್ದಿದಾರೋ?” ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ.